‘ಸಾಯಲಿರುವವರು’: ಲ್ಯಾಟಿನ್ ಕೃದಂತಗಳ ಕಥೆ

ರೋಮ್ ನಗರದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ನಡುವೆ, ಹಿಂದೆ ಫೂಕಿನುಸ್ ಎಂಬ ದೊಡ್ಡ ಸರೋವರವಿತ್ತು. ಅದರ ನೀರನ್ನು ಬಸಿದು ನೆಲವನ್ನು ಸಾಗುವಳಿಗೆ ತರಬೇಕೆಂಬುದು ಚಕ್ರವರ್ತಿ ಕ್ಲಾಡಿಯಸ್‌ನ ಹಟ. ಮೂವತ್ತು ಸಾವಿರ ಜನ ಹನ್ನೊಂದು ವರ್ಷ ದುಡಿದು ಬೆಟ್ಟದ ಹೊಟ್ಟೆಯಲ್ಲಿ ಕಾಲುವೆ ಕೊರೆದರೆಂದು ಚರಿತ್ರಕಾರ ಸುಯೆಟೋನಿಯಸ್ ಬರೆದಿದ್ದಾನೆ. ಕ್ರಿ.ಶ. 52ರಲ್ಲಿ ಕೆಲಸ ಮುಗಿಯಿತು. ನೀರು ಬಿಡುವ ಮುನ್ನ ಅದೇ ಸರೋವರದ ಮೇಲೆ ಒಂದು ನೌಕಾಯುದ್ಧದ ಪ್ರದರ್ಶನ ಏರ್ಪಾಡಾಯಿತು. ಪ್ರದರ್ಶನವೆಂದರೆ ನಾಟಕವಲ್ಲ, ನಿಜವಾದ ಹಡಗು, ನಿಜವಾದ ಕತ್ತಿ, ನಿಜವಾದ ಸಾವು. ಹೋರಾಡಬೇಕಾದವರು ಮರಣದಂಡನೆಗೆ ಗುರಿಯಾಗಿದ್ದ ಅಪರಾಧಿಗಳು. ಅವರ ಸಂಖ್ಯೆ 19,000 ಎಂದು ಇನ್ನೊಬ್ಬ ಚರಿತ್ರಕಾರ ಟ್ಯಾಸಿಟಸ್ ಹೇಳುತ್ತಾನೆ.

ಹೋರಾಟಕ್ಕೆ ಮೊದಲು ಈ ಜನ ಚಕ್ರವರ್ತಿಗೆ ವಂದಿಸಿದರು. ವಂದಿಸುವಾಗ ತಮ್ಮನ್ನು ತಾವು ಕರೆದುಕೊಂಡದ್ದು ‘ಮೊರಿತೂರಿ’ ಎಂದು, ಅಂದರೆ ‘ಸಾಯಲಿರುವವರು’. ಕ್ಲಾಡಿಯಸ್ ಪಾಂಡಿತ್ಯದ ಹುಚ್ಚಿದ್ದ ಮನುಷ್ಯ. ಚರಿತ್ರೆ ಬರೆದವನು, ಲ್ಯಾಟಿನ್ ಲಿಪಿಗೆ ಮೂರು ಹೊಸ ಅಕ್ಷರ ಸೇರಿಸಲು ಹೊರಟವನು. ವಂದನೆಗೆ ಪ್ರತಿಯಾಗಿ ಅವನ ಬಾಯಿಂದ ಎರಡೇ ಶಬ್ದ ಹೊರಟವು: ‘ಔತ್ ನೋನ್’. ‘ಅಥವಾ ಇಲ್ಲ’ ಎಂದು ಅರ್ಥ. ಚಕ್ರವರ್ತಿ ತಮಗೆ ಕ್ಷಮಾದಾನ ಕೊಟ್ಟನೆಂದೇ ತಿಳಿದ ಅಪರಾಧಿಗಳು ಆಯುಧ ಕೆಳಗಿಟ್ಟರು. ಯಾರೂ ಹೋರಾಡಲೊಲ್ಲರು. ಕ್ಲಾಡಿಯಸ್‌ಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಎಲ್ಲರನ್ನೂ ಸುಟ್ಟು ಕೊಚ್ಚಿ ಹಾಕಿಸಲೇ ಎಂದು ಒಂದು ಗಳಿಗೆ ಯೋಚಿಸಿದ. ಕೊನೆಗೆ ಸಿಂಹಾಸನದಿಂದ ಜಿಗಿದು, ತನ್ನ ಕುಂಟು ನಡಿಗೆಯಲ್ಲೇ ದಡದುದ್ದಕ್ಕೂ ಓಡಾಡಿ, ಕೆಲವರನ್ನು ಗದರಿಸಿ, ಕೆಲವರನ್ನು ಪುಸಲಾಯಿಸಿ ಯುದ್ಧಕ್ಕೆ ಹಚ್ಚಿದ.

ಸಿನಿಮಾಗಳ ದೆಸೆಯಿಂದ ಈ ವಂದನೆ ರೋಮಿನ ಎಲ್ಲ ಮಲ್ಲರೂ ದಿನನಿತ್ಯ ಹೇಳುತ್ತಿದ್ದ ಮಾತೆಂಬ ನಂಬಿಕೆ ಹಬ್ಬಿದೆ. ಹಾಗೇನೂ ಇಲ್ಲ. ಪ್ರಾಚೀನ ಗ್ರಂಥಗಳಲ್ಲಿ ಅದು ದಾಖಲಾಗಿರುವುದು ಈ ಒಂದು ಸಂದರ್ಭಕ್ಕೆ ಮಾತ್ರ. ಅದಿರಲಿ. ಸಾವಿರಾರು ಜನರ ಜೀವ ಒಂದು ಗಳಿಗೆ ತೂಗಾಡಿದ ‘ಮೊರಿತೂರಿ’ ಎಂಬ ಪದ ವ್ಯಾಕರಣದಲ್ಲಿ ಯಾವ ಜಾತಿಗೆ ಸೇರಿದ್ದು? ಅದು ನಾಮಪದವೂ ಅಲ್ಲ, ಕ್ರಿಯಾಪದವೂ ಅಲ್ಲ. ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ ಎಂದೂ ಕನ್ನಡ, ಸಂಸ್ಕೃತಗಳಲ್ಲಿ ಕೃದಂತವೆಂದೂ ಕರೆಯುವ ನಡುವಿನ ಜಾತಿ.

ಕ್ಲಾಡಿಯಸ್‌ಗಿಂತ ಒಂದು ಶತಮಾನ ಮುಂಚೆ ಬದುಕಿದ್ದ ವಾರ್ರೋ ಎಂಬ ರೋಮನ್ ಪಂಡಿತ ಈ ಜಾತಿಯನ್ನು ಬಹಳ ಸರಳವಾಗಿ ಗುರುತಿಸಿದ. ಭಾಷೆಯ ಪದಗಳಿಗೆ ಎರಡೇ ಪ್ರಶ್ನೆ ಹಾಕಿ ಎಂದ: ನಿನಗೆ ವಿಭಕ್ತಿ ಉಂಟೇ? ನಿನಗೆ ಕಾಲ ಉಂಟೇ? ವಿಭಕ್ತಿಯಿದ್ದು ಕಾಲವಿಲ್ಲದ್ದು ನಾಮಪದ. ಕಾಲವಿದ್ದು ವಿಭಕ್ತಿಯಿಲ್ಲದ್ದು ಕ್ರಿಯಾಪದ. ಎರಡೂ ಇಲ್ಲದವು ಅವ್ಯಯದಂಥವು. ಎರಡೂ ಇರುವ ನಾಲ್ಕನೆಯ ಗುಂಪೇ ಕೃದಂತ. ಲ್ಯಾಟಿನ್ನಿನಲ್ಲಿ ಅದಕ್ಕಿರುವ ಹೆಸರು ‘ಪಾರ್ಟಿಸಿಪಿಯುಂ’. ಪಾಲು ಪಡೆದದ್ದು ಎಂದರ್ಥ. ನಾಮಪದದ ಆಸ್ತಿಯಲ್ಲೂ ಕ್ರಿಯಾಪದದ ಆಸ್ತಿಯಲ್ಲೂ ಅದಕ್ಕೆ ಹಕ್ಕುಂಟು. ಯೂರೋಪಿನ ಮಕ್ಕಳು ಶತಮಾನಗಳ ಕಾಲ ಬಾಯಿಪಾಠ ಮಾಡಿದ ದೊನಾತುಸ್‌ನ ಪುಟ್ಟ ವ್ಯಾಕರಣದಲ್ಲಿ ಭಾಷೆಯ ಎಂಟು ಅಂಗಗಳಲ್ಲಿ ಇದೂ ಒಂದೆಂದು ಪ್ರತ್ಯೇಕ ಸ್ಥಾನವನ್ನೇ ಪಡೆದಿತ್ತು.

‘ಬರೆ’ ಎಂಬ ಅರ್ಥದ ಲ್ಯಾಟಿನ್ ಧಾತುವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಿಂದ ನಾಲ್ಕು ರೂಪಗಳು ಹುಟ್ಟುತ್ತವೆ. ‘ಸ್ಕ್ರೀಬೆನ್ಸ್’ ಎಂದರೆ ಬರೆಯುತ್ತಿರುವ. ‘ಸ್ಕ್ರೀಪ್ತುಸ್’ ಎಂದರೆ ಬರೆಯಲ್ಪಟ್ಟ. ‘ಸ್ಕ್ರೀಪ್ತೂರುಸ್’ ಎಂದರೆ ಬರೆಯಲಿರುವ. ‘ಸ್ಕ್ರೀಬೆಂದುಸ್’ ಎಂದರೆ ಬರೆಯಲ್ಪಡಬೇಕಾದ. ಮೊದಲನೆಯದೂ ಮೂರನೆಯದೂ ಕರ್ತರಿ, ಎರಡನೆಯದೂ ನಾಲ್ಕನೆಯದೂ ಕರ್ಮಣಿ. ನಾಲ್ಕನೆಯದನ್ನು ಕೃದಂತಗಳ ಪಂಕ್ತಿಯಲ್ಲಿ ಕೂರಿಸಬೇಕೇ ಬೇಡವೇ ಎಂಬ ವಿಚಾರದಲ್ಲಿ ವೈಯಾಕರಣರಲ್ಲಿ ಒಮ್ಮತವಿಲ್ಲ. ಅದಕ್ಕೆ ಗೆರಂಡಿವ್ ಎಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ.

ಕನ್ನಡಿಗರಿಗೆ ಇಲ್ಲಿ ವಿಚಿತ್ರವಾಗಿ ಕಾಣುವುದು ಕರ್ತರಿ, ಕರ್ಮಣಿಗಳ ಈ ಬಿಗಿ. ಕನ್ನಡದ ‘ಬರೆದ’ ಎಂಬ ಕೃದಂತ ಎಷ್ಟು ಉದಾರಿ ನೋಡಿ. ಬರೆದ ಹುಡುಗ, ಬರೆದ ಹುಡುಗಿ, ಬರೆದ ಕಾಗದ, ಬರೆದ ಪೆನ್ನು, ಬರೆದ ದಿನ, ಎಲ್ಲಕ್ಕೂ ಅದೊಂದೇ ಸಾಕು. ಬರೆದವನು ಯಾರು, ಬರೆಸಿಕೊಂಡದ್ದು ಯಾವುದು ಎಂಬುದನ್ನು ಕೇಳುವವರು ಲೋಕಜ್ಞಾನದಿಂದ ತಿಳಿದುಕೊಳ್ಳುತ್ತಾರೆ. ಲ್ಯಾಟಿನ್ನಿನಲ್ಲಿ ‘ಸ್ಕ್ರೀಪ್ತುಸ್’ ಎಂಬುದನ್ನು ಹುಡುಗನಿಗೆ ಅಂಟಿಸಿದರೆ ಯಾರೋ ಹುಡುಗನನ್ನೇ ಬರೆದಂತಾಗುತ್ತದೆ. ಸಾಲದ್ದಕ್ಕೆ ಲ್ಯಾಟಿನ್ ಕೃದಂತ ತಾನು ಸೇರುವ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನೂ ಅನುಸರಿಸಬೇಕು. ಕನ್ನಡದ ಈ ಉದಾರಿ ರೂಪಕ್ಕೆ ಹೆಸರಿಡುವಾಗ ಪಾಶ್ಚಾತ್ಯ ವಿದ್ವಾಂಸರಿಗೆ ಪೇಚಾಟವಾಗಿರಬೇಕು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್, 1903ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ ಕಿಟೆಲ್ ಇಬ್ಬರೂ ಅದನ್ನು ‘ರಿಲೇಟಿವ್ ಪಾರ್ಟಿಸಿಪಲ್’ ಎಂದರು. ಯೂರೋಪಿನ ಭಾಷೆಗಳು ‘ಯಾವನು’, ‘ಯಾವುದು’ ಎಂಬ ಸಂಬಂಧ ಸರ್ವನಾಮ ಹಾಕಿ ಒಂದು ಇಡೀ ಉಪವಾಕ್ಯದಲ್ಲಿ ಹೇಳುವುದನ್ನು ಕನ್ನಡ ‘ಬರೆದ’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆಂಬುದು ಆ ಹೆಸರಿನ ತಾತ್ಪರ್ಯ.

ಮೊದಲನೆಯ ‘ಬರೆಯುತ್ತಿರುವ’ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಲ್ಯಾಟಿನ್ ಓದದವರ ಬಾಯಲ್ಲೂ ಅದು ಓಡಾಡುತ್ತಿದೆ. ಏಜೆಂಟ್ ಎಂದರೆ ನಡೆಸುತ್ತಿರುವವನು. ಆಸ್ಪತ್ರೆಯ ಪೇಷೆಂಟ್ ಎಂದರೆ ಸಹಿಸುತ್ತಿರುವವನು. ಪ್ರೆಸಿಡೆಂಟ್ ಎಂದರೆ ಮುಂದೆ ಕುಳಿತಿರುವವನು. ಫ್ರೆಂಚ್ ದಾರಿ ಹಿಡಿದು ಬಂದ ಕರೆಂಟು ‘ಓಡುತ್ತಿರುವುದು’. ನಮ್ಮ ಊರುಗಳಲ್ಲಿ ಅದು ಓಡುವುದಕ್ಕಿಂತ ಹೋಗುವುದೇ ಹೆಚ್ಚು. ಶಾಲೆಯಲ್ಲಿ ಹಾಜರಿ ಕರೆದಾಗ ಮಕ್ಕಳು ಕೂಗುವ ‘ಪ್ರೆಸೆಂಟ್ ಸಾರ್’ ಎಂಬುದರಲ್ಲೂ ಒಂದು ಕೃದಂತ ಅಡಗಿದೆ: ‘ಪ್ರೇ’ ಎಂದರೆ ಮುಂದೆ, ‘ಸೆನ್ಸ್’ ಎಂದರೆ ಇರುವ. ಆ ‘ಸೆನ್ಸ್’ ಸಂಸ್ಕೃತದ ‘ಸತ್’ ಎಂಬುದರ ಸ್ವಂತ ಅಣ್ಣತಮ್ಮ. ಸತ್ಯ, ಸಜ್ಜನ ಎನ್ನುವಾಗಿನ ‘ಸತ್’ ಅದೇ. ಮೂಲದಲ್ಲಿ ‘ಇರುವ’ ಎಂಬ ಅರ್ಥದ ಕೃದಂತ. ಹಲ್ಲಿಗೆ ಸಂಸ್ಕೃತದಲ್ಲಿರುವ ‘ದಂತ’, ಲ್ಯಾಟಿನ್ನಿನಲ್ಲಿರುವ ‘ದೆನ್ಸ್’ ಎಂಬ ಹೆಸರುಗಳೂ ‘ತಿನ್ನುತ್ತಿರುವುದು’ ಎಂಬ ಹಳೆಯ ಕೃದಂತವಿರಬೇಕೆಂದು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. (ಕೃದಂತ ಎಂಬ ಪದದಲ್ಲಿರುವುದು ಮಾತ್ರ ಹಲ್ಲಲ್ಲ. ಕೃತ್ ಎಂಬ ಪ್ರತ್ಯಯಗಳು ಅಂತ್ಯದಲ್ಲಿರುವುದರಿಂದ ಅದು ಕೃದಂತ.)

ಎರಡನೆಯ ರೂಪದಲ್ಲಿ ಈ ನೆಂಟಸ್ತನ ಇನ್ನೂ ನಿಚ್ಚಳ. ಸಂಸ್ಕೃತದ ‘ಸ್ಥಿತ’, ಲ್ಯಾಟಿನ್ನಿನ ‘ಸ್ಟಾಟುಸ್’, ‘ಜಾತ’, ‘ನಾತುಸ್’, ‘ಜ್ಞಾತ’, ‘ನೋತುಸ್’, ‘ಯುಕ್ತ’, ‘ಯುಂಕ್ತುಸ್’. ಪಾಣಿನಿ ‘ಕ್ತ’ ಎಂದು ಹೆಸರಿಟ್ಟ ಪ್ರತ್ಯಯವೇ ರೋಮಿನಲ್ಲಿ ‘ತುಸ್’ ಆಗಿ ಕೂತಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದಾಗ, ಅವನು ಎತ್ತಿ ತೋರಿಸಿದ್ದು ಧಾತುಗಳಲ್ಲೂ ವ್ಯಾಕರಣ ರೂಪಗಳಲ್ಲೂ ಕಾಣುವ ಇಂಥ ಹೋಲಿಕೆಯನ್ನೇ.

ಆದರೆ ಸಂಸ್ಕೃತದಲ್ಲಿರುವ ಒಂದು ಸೌಲಭ್ಯ ಲ್ಯಾಟಿನ್ನಿಗಿಲ್ಲ. ಸಂಸ್ಕೃತದಲ್ಲಿ ‘ಕೃತ’, ಅಂದರೆ ಮಾಡಲ್ಪಟ್ಟದ್ದು, ಇರುವಂತೆ ‘ಕೃತವಾನ್’, ಅಂದರೆ ಮಾಡಿದವನು, ಎಂಬ ರೂಪವೂ ಇದೆ. ಲ್ಯಾಟಿನ್ನಿನಲ್ಲಿ ಎರಡನೆಯದಕ್ಕೆ ಸಮನಾದದ್ದೇ ಇಲ್ಲ. ರೂಪದಲ್ಲಿ ಕರ್ಮಣಿಯಾಗಿದ್ದು ಅರ್ಥದಲ್ಲಿ ಕರ್ತರಿಯಾಗಿರುವ ಕೆಲವು ಧಾತುಗಳು ಮಾತ್ರ ಇದಕ್ಕೆ ಅಪವಾದ: ‘ಲೊಕೂತುಸ್’ ಮಾತಾಡಿದವನು, ‘ಮೊರ್ತುವುಸ್’ ಸತ್ತವನು. ಉಳಿದ ಧಾತುಗಳಲ್ಲಿ ‘ಕೊಂದ’, ‘ಗೆದ್ದ’, ‘ಓದಿದ’ ಎಂಬ ಕರ್ತರಿ ಕೃದಂತವನ್ನು ಹೇಳುವ ದಾರಿಯೇ ಇಲ್ಲ.

ಕನ್ನಡದಲ್ಲಿ ‘ಹುಲಿ ಕೊಂದ ಬೇಟೆಗಾರ’ ಎಂದರೆ ಎರಡರ್ಥ. ಹುಲಿಯನ್ನು ಕೊಂದವನೂ ಆಗಬಹುದು, ಪಾಪ, ಹುಲಿಯ ಬಾಯಿಗೆ ಬಿದ್ದವನೂ ಆಗಬಹುದು. ಲ್ಯಾಟಿನ್ ಕೃದಂತಕ್ಕೆ ಈ ಗೊಂದಲವಿಲ್ಲ, ಏಕೆಂದರೆ ಅದರಿಂದ ಹೇಳಲಾಗುವುದು ಎರಡನೆಯದನ್ನು ಮಾತ್ರ. ಹಾಗಾದರೆ ಹುಲಿಯನ್ನು ಕೊಂದು ಮನೆಗೆ ಬಂದವನ ಗತಿ? ರೋಮನ್ನರು ವಾಕ್ಯವನ್ನೇ ಮಗುಚಿ ಹಾಕಿದರು. ಕೊಂದದ್ದನ್ನು ಬೇಟೆಗಾರನ ವಿಶೇಷಣ ಮಾಡದೆ ಹುಲಿಯ ವಿಶೇಷಣ ಮಾಡಿದರು. ‘ಕೊಲ್ಲಲ್ಪಟ್ಟ ಹುಲಿ’ ಎಂಬೆರಡು ಪದಗಳನ್ನು ಒಂದು ವಿಭಕ್ತಿಯಲ್ಲಿಟ್ಟು, ಉಳಿದ ವಾಕ್ಯದಿಂದ ಬಿಡಿಸಿ, ಪಕ್ಕಕ್ಕೆ ಕೂರಿಸಿದರು: ‘ಹುಲಿ ಕೊಲ್ಲಲ್ಪಟ್ಟಿರಲಾಗಿ ಬೇಟೆಗಾರ ಮನೆಗೆ ಬಂದ’. ಆ ವಿಭಕ್ತಿ ಅಬ್ಲೇಟಿವ್. ನಮ್ಮ ತೃತೀಯಾ, ಪಂಚಮೀ, ಸಪ್ತಮೀ ಮೂರೂ ಅದರಲ್ಲಿ ಕೂಡಿಕೊಂಡಿವೆ. ಹೀಗೆ ಬಿಡಿಯಾಗಿ ನಿಂತ ಜೋಡಿಯನ್ನು ‘ಅಬ್ಲೇಟಿವ್ ಅಬ್ಸಲ್ಯೂಟ್’ ಎನ್ನುತ್ತಾರೆ. ಸಂಸ್ಕೃತ ಓದಿದವರು ಇದನ್ನು ಕಂಡೊಡನೆ ಸತಿಸಪ್ತಮಿಯನ್ನು ನೆನೆಯುತ್ತಾರೆ. ಅದು ಸರಿ, ರಾಮನು ಕಾಡಿಗೆ ಹೋದ ಮೇಲೆ ಎನ್ನಲು ಸಂಸ್ಕೃತ ರಾಮನನ್ನೂ ಹೋಗುವಿಕೆಯನ್ನೂ ಸಪ್ತಮಿಯಲ್ಲಿ ಇಡುವಂತೆಯೇ ಇದು. ಕನ್ನಡಕ್ಕೆ ಈ ಕಸರತ್ತು ಬೇಕಾಗಿಲ್ಲ. ‘ಕೊಂದು’ ಎಂಬ ಪುಟ್ಟ ಕೃದಂತಾವ್ಯಯ ಇಡೀ ಕೆಲಸವನ್ನು ಮುಗಿಸಿ ಕೈತೊಳೆದುಕೊಳ್ಳುತ್ತದೆ.

ಕೊರತೆಯಿಂದ ಹುಟ್ಟಿದ ಈ ಉಪಾಯ ಲ್ಯಾಟಿನ್ ಗದ್ಯದ ಹೆಗ್ಗುರುತೇ ಆಯಿತು. ದಂಡಯಾತ್ರೆಯ ವೃತ್ತಾಂತ ಬರೆದ ಜೂಲಿಯಸ್ ಸೀಸರನಿಗಂತೂ ಇದು ಬಲು ಪ್ರಿಯ. ಎರಡೇ ಪದಗಳಲ್ಲಿ ಒಂದು ಇಡೀ ಮುತ್ತಿಗೆ ಮುಗಿದುಹೋಗುತ್ತದೆ: ‘ಉರ್ಬೆ ಕಪ್ತಾ’, ‘ನಗರ ಹಿಡಿಯಲ್ಪಟ್ಟು’. ಆದರೆ ಈ ಸಂಕ್ಷೇಪಕ್ಕೆ ತೆರಬೇಕಾದ ಬೆಲೆಯೂ ಇದೆ. ನಗರವನ್ನು ಹಿಡಿದವರು ಯಾರು? ಆ ಎರಡು ಪದಗಳು ಹೇಳುವುದಿಲ್ಲ. ನಗರ ವಶವಾದ ಮೇಲೆಯೋ, ವಶವಾದ ಕಾರಣದಿಂದಲೋ, ವಶವಾಗಿದ್ದರೂ ಸಹವೋ? ಅದನ್ನೂ ಹೇಳುವುದಿಲ್ಲ. ಸಂದರ್ಭ ನೋಡಿ ಓದುಗನೇ ತೀರ್ಮಾನಿಸಬೇಕು. ಲ್ಯಾಟಿನ್ ಕಲಿಯುವವರು ಮೊದಲು ಎಡವುವುದು ಇಲ್ಲಿಯೇ. ಪ್ರತ್ಯಯಗಳನ್ನೆಲ್ಲ ಬಾಯಿಪಾಠ ಮಾಡಿದರೂ ಕಾರಣವೋ ಕಾಲವೋ ಎಂಬುದನ್ನು ಯಾವ ಪ್ರತ್ಯಯವೂ ಹೇಳಿಕೊಡದು. ಬೂದಿಯಾದ ಊರಿನ ಸುದ್ದಿಯನ್ನು ಬೆಂಕಿಯಿಟ್ಟವರ ಹೆಸರೆತ್ತದೆ ಹೇಳಲು ಇದಕ್ಕಿಂತ ಅನುಕೂಲವಾದ ವ್ಯಾಕರಣ ಬೇಕೇ?

ಕಾಲದ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಕೃದಂತದ ಕಾಲ ಗಡಿಯಾರದ ಕಾಲವಲ್ಲ, ಮುಖ್ಯ ಕ್ರಿಯಾಪದದೊಂದಿಗೆ ಹೋಲಿಸಿದ ಕಾಲ. ‘ಸ್ಕ್ರೀಬೆನ್ಸ್ ನಕ್ಕ’ ಎಂದರೆ ಎರಡು ಸಾವಿರ ವರ್ಷದ ಹಿಂದಿನ ನಗೆಯಾದರೂ ಕೃದಂತ ವರ್ತಮಾನವೇ, ಬರೆಯುವಾಗಲೇ ನಕ್ಕದ್ದರಿಂದ. ಕನ್ನಡದ ‘ಬರೆಯುತ್ತ ನಕ್ಕ’ ಕೂಡ ಹಾಗೆಯೇ.

ಎರಡು ಭೂತ ಕೃದಂತಗಳ ನಡುವಿನ ಅಂತರಕ್ಕಾಗಿ ಒಂದು ಸಾಮ್ರಾಜ್ಯದ ಧರ್ಮವೇ ಇಬ್ಭಾಗವಾದದ್ದೂ ಉಂಟು. ಏಸುಕ್ರಿಸ್ತ ದೇವರ ಸೃಷ್ಟಿಗಳಲ್ಲಿ ಮೊದಲನೆಯವನೆಂದು ಅಲೆಗ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ ಬೋಧಿಸುತ್ತಿದ್ದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನಿಕೇಯಾದಲ್ಲಿ ಬಿಷಪ್ಪರ ಸಭೆ ಕರೆದ. ಕ್ರಿಸ್ತ ‘ಹುಟ್ಟಿಸಲ್ಪಟ್ಟವನು’, ‘ಮಾಡಲ್ಪಟ್ಟವನಲ್ಲ’ ಎಂದು ಸಭೆ ನಿರ್ಣಯಿಸಿತು. ಗ್ರೀಕಿನಲ್ಲಿ ಅವೆರಡೂ ಕೃದಂತಗಳು. ಲ್ಯಾಟಿನ್ ಪಾಠದಲ್ಲಿ ಅವು ‘ಗೆನಿತುಂ’ ಮತ್ತು ‘ಫಕ್ತುಂ’ ಆದವು. ಮೊದಲನೆಯದರ ಧಾತುವೇ ನಮ್ಮ ‘ಜನ್ಮ’, ‘ಜನಿತ’ಗಳಲ್ಲೂ ಇರುವುದು. ಆರಿಯಸ್ ಗಡಿಪಾರಾದ. ಆದರೂ ಜಗಳ ಹಲವು ದಶಕ ನಡೆಯಿತು, ಬಿಷಪ್ಪರು ಪೀಠ ಕಳೆದುಕೊಂಡರು, ಬೀದಿಗಳಲ್ಲಿ ರಕ್ತ ಹರಿಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯುವ ತನಕ ಮಂಗಳೂರಿನ ಕೆಥೋಲಿಕ್ ಇಗರ್ಜಿಗಳಲ್ಲಿಯೂ ಪೂಜೆಯ ಭಾಷೆ ಲ್ಯಾಟಿನ್ನೇ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಆಡುತ್ತಿದ್ದ ಜನರ ಕಿವಿಗೆ ವಿಶ್ವಾಸ ಪ್ರಮಾಣದ ಆ ಎರಡು ಕೃದಂತಗಳೂ ಬೀಳುತ್ತಿದ್ದವು.

ಇನ್ನು ‘ಮಾಡಲ್ಪಡಬೇಕಾದ’ ಎಂಬ ನಾಲ್ಕನೆಯ ರೂಪ. ಇದರ ಅತಿ ಪ್ರಸಿದ್ಧ ಉದಾಹರಣೆಗೆ ಒಂದು ನಗರವೇ ಬಲಿಯಾಯಿತು. ರೋಮಿನ ವೃದ್ಧ ರಾಜಕಾರಣಿ ಕ್ಯಾಟೋ, ಸಮುದ್ರದಾಚೆಯ ಕಾರ್ಥೇಜ್ ಮತ್ತೆ ಸಿರಿವಂತವಾಗುತ್ತಿರುವುದನ್ನು ಕಣ್ಣಾರೆ ಕಂಡು ಬಂದ. ಅಲ್ಲಿಂದಾಚೆಗೆ ಸೆನೆಟ್ಟಿನಲ್ಲಿ ಯಾವ ವಿಷಯದ ಮೇಲೆ ಮಾತಾಡಿದರೂ ಕೊನೆಗೆ ಆ ನಗರ ಇರಕೂಡದು ಎಂದೇ ಮುಗಿಸುತ್ತಿದ್ದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಸಿಪಿಯೋ ನಾಸಿಕಾ ಎಂಬ ಇನ್ನೊಬ್ಬ ಅದಕ್ಕೆ ಪ್ರತಿಯಾಗಿ ಕಾರ್ಥೇಜ್ ಉಳಿಯಬೇಕು ಎಂದು ತನ್ನ ಭಾಷಣ ಮುಗಿಸುತ್ತಿದ್ದನಂತೆ. ಪ್ಲುಟಾರ್ಕ್ ಬರೆದದ್ದು ಗ್ರೀಕಿನಲ್ಲಿ. ಇಂದು ಎಲ್ಲರ ಬಾಯಲ್ಲಿರುವ ಲ್ಯಾಟಿನ್ ಘೋಷಣೆ ಅದೇ ರೂಪದಲ್ಲಿ ಪ್ರಾಚೀನ ಗ್ರಂಥಗಳಲ್ಲಿ ಸಿಗುವುದಿಲ್ಲ. ಆದರೆ ಅದರ ತಿರುಳು ‘ದೆಲೆಂದಾ’ ಎಂಬ ಒಂದು ಪದ: ‘ನಾಶ ಮಾಡಲ್ಪಡಬೇಕಾದವಳು’. ನಗರಗಳು ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಸ್ತ್ರೀಲಿಂಗ. ಇಲ್ಲಿಯೂ ನಾಶ ಮಾಡಬೇಕಾದವರು ಯಾರೆಂಬ ಮಾತಿಲ್ಲ. ನಾಶವಾಗುವುದೇ ಆ ನಗರದ ಗುಣವೆಂಬಂತೆ, ಕೆಂಪು ಹೂ ಎನ್ನುವಾಗಿನ ಕೆಂಪಿನಂತೆ, ಅದು ವಿಶೇಷಣವಾಗಿ ಅಂಟಿಕೊಂಡಿದೆ. ಕ್ರಿ.ಪೂ. 149ರಲ್ಲಿ ಯುದ್ಧ ಆರಂಭವಾಯಿತು. ಅದೇ ವರ್ಷ ಕ್ಯಾಟೋ ಸತ್ತ. 146ರಲ್ಲಿ ಕಾರ್ಥೇಜ್ ಸುಟ್ಟುಹೋಯಿತು. ಬದುಕುಳಿದವರು ಗುಲಾಮರಾದರು.

ಇದೇ ಪ್ರತ್ಯಯ ಇಂದು ಸಭೆ, ಕಚೇರಿಗಳಲ್ಲಿ ಸಾಧುವಾಗಿ ಕುಳಿತಿದೆ. ಅಜೆಂಡಾ ಎಂದರೆ ‘ಮಾಡಬೇಕಾದವುಗಳು’. ಸಂಸ್ಕೃತದಲ್ಲಿ ಇದೇ ಕೆಲಸ ಮಾಡುವ ಪ್ರತ್ಯಯಗಳು ‘ತವ್ಯ’, ‘ಅನೀಯ’, ‘ಯ’. ಹಾಗಾಗಿ ಅಜೆಂಡಾ ಎಂಬುದರ ಅಕ್ಷರಶಃ ಅನುವಾದ ‘ಕರ್ತವ್ಯ’. ಕರ್ತವ್ಯಗಳ ಪಟ್ಟಿ ಹಿಡಿದು ಸಭೆಗೆ ಬಂದೂ ಏನೂ ಮಾಡದೆ ಚಹಾ ಕುಡಿದು ಹೋಗುವವರಿಗೆ ಈ ವ್ಯುತ್ಪತ್ತಿ ಗೊತ್ತಿಲ್ಲದಿರುವುದೇ ಒಳ್ಳೆಯದು. ಸೊಸೈಟಿಯ ಡಿವಿಡೆಂಡ್ ‘ಹಂಚಬೇಕಾದದ್ದು’. ನೌಕರರು ಹೆದರುವ ಮೆಮೊ, ಅಂದರೆ ಮೆಮೊರಾಂಡಂ, ‘ನೆನಪಿಡಬೇಕಾದದ್ದು’. ಪಾದ್ರಿಗಳ ಹೆಸರಿನ ಹಿಂದೆ ಬರುವ ರೆವರೆಂಡ್ ಎಂದರೆ ‘ಗೌರವಿಸಲ್ಪಡಬೇಕಾದವರು’. ಕನ್ನಡ ಕ್ರೈಸ್ತರು ಅದನ್ನು ‘ವಂದನೀಯ’ ಎಂದು ಅನುವಾದಿಸಿಕೊಂಡರು. ಕೃದಂತಕ್ಕೆ ಕೃದಂತ, ಪ್ರತ್ಯಯಕ್ಕೆ ಪ್ರತ್ಯಯ; ಇದಕ್ಕಿಂತ ಕರಾರುವಾಕ್ಕಾದ ಅನುವಾದ ಸಿಗುವುದು ಕಷ್ಟ. ಕಾಯಿದೆ ಪುಸ್ತಕಗಳಲ್ಲಿ ಬರುವ ‘ಮ್ಯುಟಾಟಿಸ್ ಮ್ಯುಟಾಂಡಿಸ್’ ಎಂಬುದು ಎರಡನೆಯ ಮತ್ತು ನಾಲ್ಕನೆಯ ರೂಪಗಳನ್ನು ಹೆಣೆದು ಮಾಡಿದ ಅಬ್ಲೇಟಿವ್ ಅಬ್ಸಲ್ಯೂಟ್: ಬದಲಿಸಬೇಕಾದವು ಬದಲಿಸಲ್ಪಟ್ಟು. ಬದಲಿಸುವವರು ಯಾರು, ಬದಲಿಸಬೇಕಾದವು ಯಾವುವು? ಅದರ ಮೇಲೆಯೇ ವಕೀಲರ ವಾದ.

ಪ್ರಾಪಗಾಂಡಾ ಎಂಬ ಪದದ ಪಾಡು ಬೇರೆ. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಮತಪ್ರಚಾರದ ಉಸ್ತುವಾರಿಗೆ ಒಂದು ಮಂಡಳಿ ಸ್ಥಾಪಿಸಿದ. ಅದರ ಲ್ಯಾಟಿನ್ ಹೆಸರಿನಲ್ಲಿ ‘ಹರಡಬೇಕಾದ ವಿಶ್ವಾಸ’ ಎಂಬ ಮಾತಿತ್ತು. ಕಾಲಕ್ರಮದಲ್ಲಿ ವಿಶ್ವಾಸ ಎಂಬ ನಾಮಪದ ಉದುರಿ, ‘ಹರಡಬೇಕಾದ’ ಎಂಬ ಕೃದಂತವೊಂದೇ ಉಳಿಯಿತು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಅದಕ್ಕೆ ಸುಳ್ಳಿನ ವಾಸನೆ ಅಂಟಿತು.

ಕೊನೆಗೆ ಉಳಿದದ್ದು ಸರೋವರದ ದಡದಲ್ಲಿ ಬಿಟ್ಟು ಬಂದ ಮೂರನೆಯ ರೂಪ, ‘ಮೊರಿತೂರಿ’. ಈ ಜಾತಿಯ ಪದಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ‘ಫ್ಯೂಚರ್’. ಲ್ಯಾಟಿನ್ನಿನಲ್ಲಿ ‘ಫುತೂರುಸ್’ ಎಂದರೆ ‘ಆಗಲಿರುವ’. ಸಂಸ್ಕೃತದ ‘ಭವಿಷ್ಯತ್’ ಕೂಡ ‘ಆಗಲಿರುವ’ ಎಂಬ ಭವಿಷ್ಯತ್ ಕೃದಂತವೇ, ಮತ್ತು ಇವೆರಡರ ಧಾತುವೂ ಒಂದೇ. ಅಷ್ಟೇ ಅಲ್ಲ, ‘ಭೂತ’ ಅದೇ ಧಾತುವಿನ ಭೂತ ಕೃದಂತ. ‘ವರ್ತಮಾನ’ ಇನ್ನೊಂದು ಧಾತುವಿನ ವರ್ತಮಾನ ಕೃದಂತ. ಶಾಲೆಯಲ್ಲಿ ಮಕ್ಕಳು ಕಲಿಯುವ ಮೂರು ಕಾಲಗಳ ಹೆಸರುಗಳೂ ಕೃದಂತಗಳು. ಪ್ರೆಸೆಂಟ್, ಫ್ಯೂಚರ್ ಎಂಬ ಇಂಗ್ಲಿಷ್ ಹೆಸರುಗಳೂ ಅಷ್ಟೇ.

ಆದರೆ ಈ ಭವಿಷ್ಯತ್ ಕೃದಂತ ಹೇಳುವುದು ಖಚಿತವಾದ ಮುಂದಿನ ಘಟನೆಯನ್ನಲ್ಲ. ಮಾಡಲು ಹೊರಟ, ಆಗುವ ಅಂಚಿನಲ್ಲಿರುವ, ಹಾಗಾಗುವಂತೆ ಕಾಣುತ್ತಿರುವ ಎಂಬಷ್ಟೇ ಅದರ ವ್ಯಾಪ್ತಿ. ‘ಸಾಯುತ್ತೇವೆ’ ಎಂಬ ಕ್ರಿಯಾಪದಕ್ಕೂ ‘ಸಾಯಲಿರುವವರು’ ಎಂಬ ಕೃದಂತಕ್ಕೂ ನಡುವೆ ಒಂದು ಸಣ್ಣ ಬಿರುಕಿದೆ. ಕ್ಲಾಡಿಯಸ್‌ನ ‘ಅಥವಾ ಇಲ್ಲ’ ಹೊಕ್ಕದ್ದು ಆ ಬಿರುಕಿನೊಳಗೆ. ಅವನು ಚಮತ್ಕಾರಕ್ಕೆ ಹೇಳಿದನೋ, ಗೆದ್ದವರು ಬದುಕಬಹುದಲ್ಲ ಎಂಬ ಅರ್ಥದಲ್ಲಿ ಹೇಳಿದನೋ, ಸುಯೆಟೋನಿಯಸ್ ವಿವರಿಸುವುದಿಲ್ಲ.

ಟ್ಯಾಸಿಟಸ್ ಈ ಮಾತುಕತೆಯನ್ನೇ ದಾಖಲಿಸಿಲ್ಲ, ಯುದ್ಧವನ್ನು ಮಾತ್ರ ವರ್ಣಿಸಿದ್ದಾನೆ. ಅಪರಾಧಿಗಳೇ ಆದರೂ ಶೂರರ ಹಾಗೆ ಕಾದಿದರಂತೆ. ಬಹಳಷ್ಟು ರಕ್ತ ಹರಿದ ಮೇಲೆ, ಉಳಿದಿದ್ದವರನ್ನು ಸಾವಿನಿಂದ ಬಿಡುಗಡೆ ಮಾಡಲಾಯಿತು. ಪ್ರದರ್ಶನ ಮುಗಿದ ಮೇಲೆ ತೂಬು ತೆರೆದು ನೋಡಿದರೆ, ಕಾಲುವೆಯನ್ನು ಸಾಕಷ್ಟು ಆಳಕ್ಕೆ ತೋಡಿರಲೇ ಇಲ್ಲ. ಸರೋವರ ಪೂರ್ತಿ ಬತ್ತಿ ಹೊಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.